ಮಾವನ ಎಡೆಯ ಬಾಟಲಿ

ಅವತ್ತು ಬೆಳಗ್ಗೆ ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಅವರೆಕಾಳು ಹಿದುಕುತ್ತಿದ್ದೆ. ಹಿಂದಿನ ದಿನ ನೆನೆಹಾಕಿದ್ದ ಕಾಳು ಚೆನ್ನಾಗಿ ಉಬ್ಬಿತ್ತು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ನಮ್ಮ ದೊಡ್ಡಬಳ್ಳಾಪುರದಲ್ಲಿ ಚಳಿ ಬಿತ್ತೆಂದರೆ ಮನೆಮನೆಯಲ್ಲೂ ಇದೇ ಕೆಲಸ. ಎದುರಿಗೆ ಗೋಡೆಗೊರಗಿ ಅತ್ತೆಯೂ ಹಿದುಕುತ್ತಿದ್ದರು. ಬೆರಳು ಸೊಟ್ಟಗಾಗಿದ್ದರೂ ಅವರ ಕೈ ನನ್ನ ಕೈಗಿಂತ ಚುರುಕು. ಅರ್ಧ ಮುಗಿದಿತ್ತು, ಫೋನು ಬಂತು. ನಮ್ಮ ವಕೀಲರು.

"ಅಮ್ಮಾ, ಪ್ರೊಬೇಷನ್ ಆಫೀಸರ್ ರಿಪೋರ್ಟ್ ಕೊಟ್ಟಿದಾರೆ. ನಿಮ್ಮನೆ ಆಗಲ್ಲ ಅಂತ ಬರೆದಿದಾರೆ."

"ಆಗಲ್ಲ ಅಂದ್ರೆ ಸಾರ್?"

"ನಿಮ್ಮ ಯಜಮಾನ್ರು ಅಲ್ಲಿರೋ ಹಾಗಿಲ್ಲ. ಕುಡಿತ ಇಲ್ಲದಿರೋ ಜಾಗ, ಜವಾಬ್ದಾರಿ ತಗೊಳ್ಳೋರು ಒಬ್ರು ಇರೋ ಜಾಗ ತೋರಿಸ್ಬೇಕು. ಹತ್ತು ದಿನ ಟೈಮಿದೆ. ತೋರಿಸ್ಲಿಲ್ಲ ಅಂದ್ರೆ ಮುಚ್ಚಳಿಕೆ ರದ್ದು, ಜೈಲೇ ಗತಿ."

"ಯಾಕಂತೆ ಸಾರ್?"

"ಬಾಟ್ಲಿ ಸಿಕ್ತಂತಲ್ಲಮ್ಮಾ ನಿಮ್ಮನೇಲಿ. ನನ್ನ ಕೇಳ್ತೀರಲ್ಲ."

ಗೊತ್ತಿದ್ದೇ ಕೇಳಿದ್ದೆ. ಆ ಬಾಟಲಿ ಯಾರದು, ಯಾಕೆ ಬಂತು ಎಂಬುದು ನಮ್ಮ ಮನೆಯ ಮೂವರಿಗೂ ಗೊತ್ತಿತ್ತು. ಆಫೀಸರಿಗೆ ಮಾತ್ರ ಗೊತ್ತಿರಲಿಲ್ಲ. ಯಾಕೆಂದರೆ ನಾನು ಹೇಳಿರಲಿಲ್ಲ.

ಹಿಂದಿನದನ್ನು ಹೇಳದೆ ಇದು ಅರ್ಥವಾಗುವುದಿಲ್ಲ. ನಮ್ಮ ಮನೆಯ ಮುಂಭಾಗದಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ನಮ್ಮ ಯಜಮಾನರು ಒಳ್ಳೆಯ ನೇಕಾರರು; ಅಷ್ಟೇ ಕುಡುಕರೂ ಆಗಿದ್ದರು. ಯುಗಾದಿಯ ಹಿಂದಿನ ದಿನ ಸಂಜೆ, ನೇಯ್ದ ಸೀರೆಗಳನ್ನು ಮೊಪೆಡ್ಡಿನ ಮೇಲೆ ಹೇರಿಕೊಂಡು ಕುಡಿದೇ ಹೊರಟರು. ನಮ್ಮ ಬೀದಿಯ ತಿರುವಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಹೂವಿನಮ್ಮನ ಮೇಲೆಯೇ ಗಾಡಿ ಹತ್ತಿಸಿದರು. ಮದುವೆಯಾಗಿ ಬಂದ ದಿನದಿಂದ ನಾನು ದೇವರಿಗೆ ಏರಿಸಿದ ಹೂವೆಲ್ಲ ಆಕೆಯ ಕೈಯಿಂದ ಕೊಂಡದ್ದು. ಆಕೆಯ ಕಾಲು ಎರಡು ಕಡೆ ಮುರಿಯಿತು. ಜೀವ ಉಳಿಯಿತು. ನಮ್ಮ ಚೌಡೇಶ್ವರಿ ತಾಯಿ ಮಾಡಿದ ದೊಡ್ಡ ಉಪಕಾರ ಅದು ಎಂದು ನಾನು ಇವತ್ತಿಗೂ ಎಣಿಸುತ್ತೇನೆ.

ನ್ಯಾಯಾಲಯದಲ್ಲಿ ಇವರು ತಪ್ಪು ಒಪ್ಪಿಕೊಂಡರು. ಇದು ಮೊದಲನೆಯ ಕೇಸೆಂದು ನ್ಯಾಯಾಧೀಶರು ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು ಒಂದು ವರ್ಷದ ಪ್ರೊಬೇಷನ್ ಮೇಲೆ ಬಿಟ್ಟರು. ಕುಡಿಯಬಾರದು. ಆಫೀಸರ್ ಒಪ್ಪಿದ ಮನೆಯಲ್ಲೇ ಇರಬೇಕು, ಆ ಮನೆಯೊಳಗೆ ಹೆಂಡ ಇರಬಾರದು. ಹೇಳದೆ ಊರು ಬಿಡಬಾರದು. ಆಫೀಸರ್ ಯಾವಾಗ ಬೇಕಾದರೂ ಬಂದು ನೋಡಬಹುದು. ಇವರು ಅದಕ್ಕೂ ಮುಂಚೆ, ಯುಗಾದಿಯಿಂದಲೇ ಕುಡಿತ ನಿಲ್ಲಿಸಿದ್ದರು. ಮಗ್ಗದ ಮನೆಯ ಗೋಡೆಯ ಮೇಲೆ ಸೀರೆಯೊಂದು ಮುಗಿದರೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುವುದು ನಮ್ಮಲ್ಲಿ ರೂಢಿ. ಆ ಗೀಟುಗಳ ಪಕ್ಕದಲ್ಲಿ ಇವರು ಇನ್ನೊಂದು ಸಾಲು ಶುರುಮಾಡಿದ್ದರು, ದಿನಕ್ಕೊಂದು ಗೀಟು. ಅದು ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು. ಅವತ್ತು ನಮ್ಮ ಮನೆತನದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದು ಬಾಳೆಲೆಯ ಮೇಲೆ ಬರಲೇಬೇಕು. ಅತ್ತೆಯ ಅತ್ತೆಗೆ ಎಲೆಯಡಿಕೆ, ಕಡ್ಡಿಪುಡಿ. ನಮ್ಮ ಮಾವನಿಗೆ ಕೋಳಿಸಾರು, ಮುದ್ದೆ, ಒಂದು ಲೋಟ ಬ್ರಾಂದಿ. ಪ್ರತಿ ವರ್ಷ ಬಾಟಲಿ ತರುತ್ತಿದ್ದವರು ಇವರೇ. ಲೋಟಕ್ಕೆ ಬಗ್ಗಿಸಿ ಉಳಿದದ್ದನ್ನು ಮನೆಯ ಗಂಡಸರು ಹಿರಿಯರ ಪ್ರಸಾದವೆಂದು ಕುಡಿಯುತ್ತಿದ್ದರು.

"ಈ ವರ್ಷ ಬ್ರಾಂದಿ ಬೇಡ ಅತ್ತೆ," ಎಂದೆ.

"ಬೇಡ ಅನ್ನೋಕೆ ನೀನ್ಯಾರೇ? ತಪ್ಪು ಮಾಡಿದೋನು ಮಗ. ಸತ್ತೋರಿಗ್ಯಾಕೆ ಉಪವಾಸ?" ಎಂದರು ಅತ್ತೆ. "ಎಡೆ ತಪ್ಪಿಸಿದ್ರೆ ಮನೆಗೆ ಒಳ್ಳೇದಾಗಲ್ಲ, ನೋಡ್ತಿರು."

ನಾನು ಹೆದರಿದೆ. ಹಿರಿಯರ ಶಾಪಕ್ಕೆ ಹೆದರಿದಷ್ಟು ನ್ಯಾಯಾಲಯಕ್ಕೆ ಹೆದರಲಿಲ್ಲ. ಇವರನ್ನು ಅಂಗಡಿಗೆ ಕಳಿಸುವಂತಿಲ್ಲ. ಊರಿನ ಅಂಗಡಿಯ ಮುಂದೆ ನಾನು ನಿಲ್ಲುವಂತಿಲ್ಲ. ಸೊಪ್ಪಿನ ಚೀಲ ಹಿಡಿದು ಬಸ್ಸು ಹತ್ತಿ ದೊಡ್ಡಬೆಳವಂಗಲಕ್ಕೆ ಹೋದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಕೌಂಟರಿನ ಮುಂದೆ ನಿಂತೆ.

"ಯಾವ್ದಕ್ಕಾ?" ಎಂದ ಅಂಗಡಿಯವನು.

"ಎಡೆಗೆ," ಎಂದೆ.

"ಎಡೆಗೆ ಅಂತ ಬ್ರಾಂಡ್ ಇಲ್ಲಕ್ಕಾ. ರಮ್ಮೋ ಬ್ರಾಂದಿನೋ?"

ಹಿಂದೆ ನಿಂತಿದ್ದವರು ನಕ್ಕರು. ಒಬ್ಬ, "ಕೊಡು ಗುರು, ಅವರ ಹಿರಿಯರು ಕಾಯ್ತಾವ್ರೆ," ಎಂದ. ಬಾಟಲಿಯನ್ನು ಮೆಂತ್ಯದ ಸೊಪ್ಪಿನ ಕೆಳಗೆ ಹುದುಗಿಸಿ ತಂದೆ. ಎಡೆಯ ಹೊತ್ತಿಗೆ ಇವರು ಮಗ್ಗದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಎಲೆ ಎತ್ತುವ ತನಕ ಹೊರಗೆ ಬರಲಿಲ್ಲ. ಬಾಟಲಿಯಲ್ಲಿ ಮುಕ್ಕಾಲು ಉಳಿದಿತ್ತು. ಹಿರಿಯರದನ್ನು ಚೆಲ್ಲಬಾರದು, ಬರುವ ವರ್ಷಕ್ಕಾಗುತ್ತದೆ ಎಂದರು ಅತ್ತೆ. ಇವರ ಕೈಗೆ ಸಿಗದ ಜಾಗ ಯಾವುದು ಎಂದು ಯೋಚಿಸಿ, ದೇವರ ಮನೆಯ ಕೆಳಗಿನ ಗೂಡಿನಲ್ಲಿ, ದೀಪದೆಣ್ಣೆಯ ಡಬ್ಬದ ಹಿಂದೆ ಇಟ್ಟೆ. ತಾಯಿಯೇ ಕಾಯುತ್ತಾಳೆ ಅಂದುಕೊಂಡೆ. ಆಮೇಲೆ ಮರೆತೇಬಿಟ್ಟೆ.

ಪ್ರೊಬೇಷನ್ ಆಫೀಸರ್ ಒಬ್ಬ ಹೆಂಗಸು, ನನ್ನ ತಂಗಿಯ ವಯಸ್ಸು. ಮೊದಲೆರಡು ಸಲ ಬಂದಾಗ ಪಡಸಾಲೆಯಲ್ಲೇ ಕೂತು ಹೋಗಿದ್ದರು. ಮೂರನೆಯ ಸಲ ಹೊರಡುವಾಗ, "ಮನೆ ಚೆನ್ನಾಗಿಟ್ಕೊಂಡಿದೀರಮ್ಮಾ. ಇವರು ಸರಿಹೋಗ್ತಿದಾರೆ ಅನ್ಸುತ್ತೆ," ಎಂದರು. ನನಗೆ ಎಲ್ಲಿಲ್ಲದ ಹೆಮ್ಮೆ ಬಂತು. "ಎಲ್ಲಾ ಆ ತಾಯಿ ದಯೆ ಮೇಡಂ. ಬನ್ನಿ, ನಮ್ಮ ದೇವರ ಮನೆ ನೋಡಿ," ಎಂದು ನಾನೇ ಕರೆದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು. ದೀಪ ಸಣ್ಣಗಾಗಿತ್ತು. ಎಣ್ಣೆ ಹಾಕೋಣವೆಂದು ಬಗ್ಗಿ ಡಬ್ಬ ಎಳೆದೆ. ಅದರ ಹಿಂದಿದ್ದ ಬಾಟಲಿ ವಾಲಿ, ಉರುಳಿಕೊಂಡು ಬಂದು ಅವರ ಕಾಲ ಬೆರಳಿಗೆ ತಗುಲಿ ನಿಂತಿತು.

"ಇದು ಯಾರದು?"

ಬಾಗಿಲಲ್ಲಿ ಇವರು ನಿಂತಿದ್ದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಡೆಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಎಲ್ಲಿಂದ ತಂದಿರಿ ಎನ್ನುತ್ತಾರೆ, ಹಣೆಗೆ ಇಷ್ಟು ದೊಡ್ಡ ಕುಂಕುಮ ಇಟ್ಟವಳು ಬ್ರಾಂದಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳೇ ಎನ್ನುತ್ತಾರೆ ಎಂದು ಯೋಚನೆ ಓಡಿತು. ನಾನು ನೆಲ ನೋಡಿದೆ.

"ಯಾರದಮ್ಮಾ ಇದು?"

"ಗೊತ್ತಿಲ್ಲ ಮೇಡಂ," ಎಂದೆ. ದೇವರ ಮುಂದೆ, ಎಣ್ಣೆಯ ಡಬ್ಬ ಕೈಯಲ್ಲಿ ಹಿಡಿದುಕೊಂಡು.

ಮೇಡಂ ಇವರ ಕಡೆ ತಿರುಗಿದರು. ಇವರು ನನ್ನನ್ನು ಒಂದು ಸಲ ನೋಡಿ ತಲೆ ತಗ್ಗಿಸಿದರು. ತಲೆ ತಗ್ಗಿಸಿದವನೇ ತಪ್ಪಿತಸ್ಥ ಎಂದು ಯಾರಿಗಾದರೂ ಅನಿಸುತ್ತದೆ. ಮೇಡಂ ಬಾಟಲಿಯ ಫೋಟೋ ತೆಗೆದುಕೊಂಡು ಹೋದರು.

ಮಾತು ಬೀದಿಗೆ ಹೇಗೆ ಹೋಯಿತೋ ಕಾಣೆ. ಮರುದಿನವೇ ಪಕ್ಕದ ಮಗ್ಗದವನು, "ಏನಣ್ಣಾ, ದೇವರ ಮನೇಲೇ ಸ್ಟಾಕಾ? ಪೂಜೆ ಮುಗಿಸ್ಕೊಂಡು ಹಾಗೇ ತೀರ್ಥ ತಗೊಳ್ಳೋದಾ?" ಎಂದು ಕೂಗಿದ. ಇವರು ನಕ್ಕು ಸುಮ್ಮನಾದರು. ನಾನು ಒಳಗೆ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನನ್ನ ಗಂಡನ ಆ ನಗು ಇನ್ನೂ ಕಿವಿಯಲ್ಲಿದೆ. ದಿನವೂ ಸಂಜೆ ದೀಪ ಹಚ್ಚುವ ಮುಂಚೆ ಆ ದಿನ ತಾಯಿ ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಆ ವಾರವೆಲ್ಲ ಬೆರಳು ಮಡಚಲಿಲ್ಲ. ಗೋಡೆಯ ಮೇಲಿನ ಗೀಟುಗಳು ಮಾತ್ರ ನಿಲ್ಲಲಿಲ್ಲ.

ವಕೀಲರ ಫೋನು ಬಂದ ದಿನ ಅರ್ಧ ಹಿದುಕಿದ ಅವರೆ ಹಾಗೆಯೇ ಉಳಿದು ಹುಳಿ ವಾಸನೆ ಬಂತು. ಪಕ್ಕದ ಮನೆಯ ಹಸುವಿಗೆ ಹಾಕಿದೆ.

ಜಾಗ ಹುಡುಕಲು ಹೊರಟೆವು. ಮೊದಲು ನೆನಪಾದದ್ದು ಜಡಿಗೇನಹಳ್ಳಿಯ ನನ್ನ ಅಣ್ಣನ ಮನೆ. ಫೋನು ಮಾಡಿದೆ. "ಭಾವ ಬಂದಿರ್ಲಿ, ಅದಕ್ಕೇನಂತೆ. ಆದ್ರೆ ಭಾನುವಾರ ನಾನೂ ಒಂದೆರಡು ಪೆಗ್ ಹಾಕೋನೇ ಕಣಮ್ಮಾ. ಆ ಮೇಡಂ ಭಾನುವಾರ ಬರಲ್ಲ ತಾನೇ?" ಎಂದ. ಮನಸ್ಸು ಒಳ್ಳೆಯದು, ಮನೆ ಆಗುವುದಿಲ್ಲ.

ಆಮೇಲೆ ಯಾರೋ ಹೇಳಿದರೆಂದು ನೆಲಮಂಗಲದ ಕಡೆ ಒಂದು ಕುಡಿತ ಬಿಡಿಸುವ ಕೇಂದ್ರಕ್ಕೆ ಹೋದೆವು. ಹೊರಗಿನಿಂದ ಬೀಗ ಹಾಕಿದ ಗೇಟು. ಕಿಟಕಿಯ ಸರಳುಗಳ ಹಿಂದೆ ತಲೆ ಬೋಳಿಸಿಕೊಂಡ ಗಂಡಸರು ಸುಮ್ಮನೆ ನಿಂತು ನಮ್ಮನ್ನು ನೋಡುತ್ತಿದ್ದರು. ಮ್ಯಾನೇಜರ್ ಮಾತ್ರ ಬಹಳ ನಯ.

"ಕೋರ್ಟ್ ಕೇಸಾ? ದಿನಾ ಮಾಡೋ ಕೆಲ್ಸಮ್ಮಾ ಅದು. ಸ್ಟ್ರಾಂಗಾಗಿ ಒಂದು ಲೆಟರ್ ಹಾಕ್ಕೊಡ್ತೀವಿ. ಇವರು ಇಲ್ಲಿರ್ಲೇಬೇಕು ಅಂತೇನಿಲ್ಲ. ಬೇಕಾದ್ರೆ ಮನೇಲೇ ಇಟ್ಕೊಳಿ. ಆಫೀಸರ್ ಬಂದ್ರೆ ಆಸ್ಪತ್ರೆಗೆ ಹೋಗಿದಾರೆ ಅಂತೀವಿ."

ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಮಾತು ಕೇಳಿ ನನಗೆ ಸಮಾಧಾನವೇ ಆಯಿತು. ಮಗ್ಗ ನಿಲ್ಲುವುದಿಲ್ಲ, ಇವರು ಮನೆ ಬಿಡುವುದಿಲ್ಲ, ಬಾಟಲಿಯ ಮಾತು ಮತ್ತೆ ಏಳುವುದಿಲ್ಲ. "ಆಯ್ತು ಬರ್ಕೊಡಿ," ಎನ್ನಲು ಬಾಯಿ ತೆರೆದಿದ್ದೆ.

"ಬೇಡ ಕಣೇ, ನಡಿ," ಎಂದರು ಇವರು. ಬಸ್‌ಸ್ಟಾಪಿನಲ್ಲಿ ನಿಂತಾಗ ನನ್ನ ಮುಖ ನೋಡದೆ ಹೇಳಿದರು: "ಇನ್ನೊಂದು ಸುಳ್ಳು ನನ್ನ ಕೈಲಿ ಹೊರೋಕಾಗಲ್ಲ."

ಇನ್ನೊಂದು ಎಂದರೆ ಮೊದಲನೆಯದು ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ. ಬಸ್ಸಿನಲ್ಲಿ ಅವರು ಒಂದು ಸೀಟಿನಲ್ಲಿ, ನಾನು ಇನ್ನೊಂದರಲ್ಲಿ ಕೂತು ಬಂದೆವು.

ಹತ್ತರಲ್ಲಿ ಆರು ದಿನ ಕಳೆದಿತ್ತು. ವಕೀಲರ ಗುಮಾಸ್ತ ಇನ್ನೊಂದು ಮನೆಯ ವಿಷಯ ಹೇಳಿದ. ದೇವನಹಳ್ಳಿ ದಾಟಿ, ನಲ್ಲೂರಿನ ಹುಣಸೆತೋಪಿನಿಂದ ಸ್ವಲ್ಪ ಮುಂದೆ. ಕುಡಿತ ಬಿಟ್ಟವರೇ ಒಟ್ಟಿಗಿರುವ ಮನೆ. ನಡೆಸುವವರು ಒಂದು ಕಾಲಕ್ಕೆ ಬಸ್ ಡ್ರೈವರ್ ಆಗಿದ್ದವರು, ಕುಡಿದೇ ಕೆಲಸ ಕಳೆದುಕೊಂಡವರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಾರೆ. ನಾವು ಹೋದಾಗ ಇಬ್ಬರು ಗಂಡಸರು ಅಂಗಳದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಗೇಟಿಗೆ ಬೀಗವಿರಲಿಲ್ಲ. ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು: ಅಡುಗೆ ಯಾರದು, ಕಸ ಯಾರದು, ಪಾತ್ರೆ ಯಾರದು ಎಂದು. ಪಾತ್ರೆಗೆ ಗಂಡಸರ ಹೆಸರು ನೋಡಿದ್ದು ನಾನು ಅದೇ ಮೊದಲು.

ಆಫೀಸರ್ ಕೇಳುವುದನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದೊಂದಾಗಿ ಕೇಳಿದೆ. ಮನೆಗೆ ಕಾಯಂ ವಿಳಾಸ ಇದೆಯೇ? ಇದೆ. ಅವರು ಹೇಳದೆ ಬಂದರೆ ಒಳಗೆ ಬಿಡುತ್ತೀರಾ? "ಊಟದ ಹೊತ್ತಿಗೆ ಬಂದ್ರೆ ಊಟ ಮಾಡ್ಕೊಂಡೇ ಹೋಗ್ಲಿ." ದಿನಾ ಸಂಜೆ ಉಸಿರು ಊದಿಸಿ ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಕೆಲಸ? ಹತ್ತಿರದ ಹೂವಿನ ಗಿಡಗಳ ನರ್ಸರಿಗೆ ಬೆಳಗ್ಗೆ ಹೋಗಿ ಸಂಜೆ ಬರಬೇಕು. ಕುಡಿದರೆ?

"ಅವತ್ತೇ ನಿಮ್ಮ ಮೇಡಂಗೆ ಫೋನ್ ಮಾಡ್ತೀನಿ. ಮುಚ್ಚಿಡೋ ಮನೆ ಅಲ್ಲಮ್ಮಾ ಇದು. ಒಪ್ಪಿಗೆ ಇದ್ರೆ ಮಾತಾಡೋಣ."

ನೆಲಮಂಗಲದವನು ಕುಡಿದರೂ ಮುಚ್ಚಿಡುತ್ತಿದ್ದ; ಈ ಅಣ್ಣ ಹಿಡಿದುಕೊಡುತ್ತೇನೆ ಎನ್ನುತ್ತಿದ್ದಾರೆ. ಅಣ್ಣ ಬರೆಯಲು ಕಾಗದ, ನಾವು ತಂದಿದ್ದ ರಿಪೋರ್ಟಿನ ಪ್ರತಿ ತೆಗೆದುಕೊಂಡು ನಮ್ಮ ಯಜಮಾನರ ಕಡೆ ತಿರುಗಿದರು.

"ಕಡೇ ಸಲ ಕುಡಿದಿದ್ದು ಯಾವಾಗಪ್ಪಾ?"

"ಯುಗಾದಿ ಹಿಂದಿನ ದಿನ."

"ಮತ್ತೆ ಈ ರಿಪೋರ್ಟಲ್ಲಿ ಬಾಟ್ಲಿ ಅಂತಿದೆ?"

ಇವರು ತಮ್ಮ ಅಂಗೈ ನೋಡಿಕೊಂಡರು. "ನಂದೇ ಅಂತ ಬರ್ಕೊಳಿ ಅಣ್ಣಾ."

"ಬರ್ಕೊಳಿ ಅಂದ್ರೇನು? ನಿಂದಾ, ಅಲ್ವಾ?"

ಈರುಳ್ಳಿ ಹೆಚ್ಚುತ್ತಿದ್ದವರೂ ಕೈ ನಿಲ್ಲಿಸಿದರು. ನಾನು ಎದ್ದು ನಿಂತೆ. ಯಾಕೆ ನಿಂತೆನೋ ತಿಳಿಯದು, ಕೂತು ಹೇಳುವ ಮಾತಲ್ಲವೆನಿಸಿತು. "ಅದು ನಂದು," ಎಂದೆ. ದೊಡ್ಡಬೆಳವಂಗಲದ ಬಸ್ಸು, ಸೊಪ್ಪಿನ ಚೀಲ, ಎಡೆ, ಎಣ್ಣೆಯ ಡಬ್ಬ, ಗೊತ್ತಿಲ್ಲ ಎಂದದ್ದು, ಎಲ್ಲವನ್ನೂ ಪರವೂರಿನ ಅಂಗಳದಲ್ಲಿ, ಗುರುತಿಲ್ಲದ ಗಂಡಸರ ಮುಂದೆ ಹೇಳಿದೆ. ಅಳು ಬಂತು, ಆದರೆ ಹೇಳುವುದು ನಿಲ್ಲಲಿಲ್ಲ.

ಅಣ್ಣ ನಗಲಿಲ್ಲ, ಬೈಯಲೂ ಇಲ್ಲ. "ಮಾವ ಹೇಗೆ ತೀರ್ಕೊಂಡ್ರು?" ಎಂದಷ್ಟೇ ಕೇಳಿದರು.

"ಲಿವರ್ ಹೋಗಿತ್ತು."

"ಕುಡಿದು?"

ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷ ಎಲೆಯ ಪಕ್ಕ ಆ ಲೋಟ ಇಟ್ಟು ಕೈಮುಗಿದಿದ್ದೇನೆ. ಒಂದು ಸಲವೂ ಅದು ಹೊಳೆದಿರಲಿಲ್ಲ.

"ನನಗೆ ಹೇಳಿದ್ರಿ, ಅರ್ಧ ಆಯ್ತು," ಎಂದರು ಅಣ್ಣ. "ಮೇಡಂಗೆ ಹೇಳ್ಬನ್ನಿ. ಆಮೇಲೆ ಪತ್ರ ಕೊಡ್ತೀನಿ. ನನ್ನ ಪತ್ರದಲ್ಲಿ ಒಂದಕ್ಷರ ಸುಳ್ಳಿದ್ರೆ ಇಲ್ಲಿರೋ ಎಂಟು ಜನಕ್ಕೂ ತೊಂದ್ರೆ. ಇನ್ನೊಂದು ಮಾತು. ಇವ್ರು ಹಬ್ಬಕ್ಕೆ ಅಂತ ಮನೆಗೆ ಬಂದಾಗ ಆ ಬಾಟ್ಲಿ ಅಲ್ಲಿರಬಾರ್ದು. ಅದಕ್ಕೆ ನೀವು ಜವಾಬ್ದಾರಿ."

ಮರುದಿನ ಆಫೀಸರ ಮುಂದೆ ನಿಂತೆ. ಇವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಬ್ಬಳೇ ಒಳಗೆ ಹೋದೆ. ಮೇಡಂ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಮಾನ ಹೋಗುತ್ತೆ ಅಂತ ಮೇಡಂ."

"ಯಾರ ಮಾನಮ್ಮಾ?"

ಮೇಡಂ ಫೈಲು ತೆರೆದರು. "ನಿಮ್ಮ ಮಾತು ನಂಬಿ ಅವರು ಜೈಲಿನ ಬಾಗಿಲಿಗೆ ಹೋಗೋ ಹಾಗೆ ನಾನು ಬರೆದುಬಿಟ್ಟಿದ್ದೆ, ಗೊತ್ತಾ?" ಎಂದರು. ನಾನು ಹೇಳಿದ್ದನ್ನು ಬರೆದುಕೊಂಡು, ಗಟ್ಟಿಯಾಗಿ ಓದಿ ಹೇಳಿ, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಆದರೂ ನಮ್ಮ ಮನೆಗೆ ಒಪ್ಪಿಗೆ ಸಿಗಲಿಲ್ಲ. ಯಾರು ತಂದಿಟ್ಟರೂ ಬಾಟಲಿ ಬಾಟಲಿಯೇ ಎಂದರು, ಅದು ನ್ಯಾಯ. ಅಣ್ಣನ ಪತ್ರ ಬಂದ ಮೇಲೆ ನಲ್ಲೂರಿನ ಮನೆಗೆ ತಾವೇ ಹೋಗಿ ನೋಡಿದರು. ಮೊದಲು ಆರು ತಿಂಗಳು ಅಲ್ಲಿರಲಿ, ಆಮೇಲೆ ನೋಡೋಣ ಎಂದು ಬರೆದರು. ಗಡುವು ಮುಗಿಯುವ ದಿನವೇ ನ್ಯಾಯಾಲಯ ಒಪ್ಪಿತು. ಆ ಸಂಜೆ ಒಂದು ಬೆರಳು ಮಡಚಿದೆ.

ಹೊರಡುವ ದಿನ ಇವರು ಎರಡು ಜೊತೆ ಬಟ್ಟೆ, ಹೊದಿಕೆ, ಒಂದು ತುಂಡು ಸೀಮೆಸುಣ್ಣ ಇಟ್ಟುಕೊಂಡರು. ಅಲ್ಲಿ ಬಿಟ್ಟು ತಿರುಗಿದಾಗ, "ನೂಲು ಗಂಟು ಬೀಳ್ದಂಗೆ ನೋಡ್ಕೋ," ಎಂದರು. ಇಷ್ಟು ದಿನದಲ್ಲಿ ಬಾಟಲಿಯ ವಿಷಯಕ್ಕೆ ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೀದಿಯವರು ಕೇಳಿದರೆ ಸೀರೆ ವ್ಯಾಪಾರಕ್ಕೆ ಸೇಲಂಗೆ ಹೋಗಿದ್ದಾರೆ ಎನ್ನಬೇಕೆಂದು ಅತ್ತೆ ಹೇಳಿಕೊಟ್ಟಿದ್ದರು. ತಿರುವಿನಲ್ಲಿ ಹೂವಿನಮ್ಮ ಸ್ಟೂಲಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಅಪಘಾತವಾದಂದಿನಿಂದ ನಾನು ಸುತ್ತು ಹಾಕಿಕೊಂಡು ಹಿಂದಿನ ಗಲ್ಲಿಯಲ್ಲೇ ಓಡಾಡುತ್ತಿದ್ದೆ. ಅವತ್ತು ಅವರ ಮುಂದೆಯೇ ಬಂದೆ.

"ಎಲ್ಲಿ ನಿನ್ ಗಂಡ?" ಎಂದರು.

ಸೇಲಂ ಎನ್ನಲಿಲ್ಲ. ಇದ್ದದ್ದನ್ನು ಹೇಳಿದೆ.

"ಅಲ್ಲಿ ಹೂವಿನ ಗಿಡ ನೋಡ್ಕೊಳ್ತಾನಾ? ಚೆನ್ನಾಯ್ತು ಬಿಡು!" ಎಂದು ಒಂದು ಸಲ ಜೋರಾಗಿ ನಕ್ಕು, ಊರುಗೋಲನ್ನು ಪಕ್ಕಕ್ಕೆ ಸರಿಸಿದರು. "ನನ್ ಕಾಲು ವಾಪಸ್ ಬರಲ್ಲ ಕಣವ್ವಾ. ಕುಡೀದೆ ಇರ್ಲಿ ಅಷ್ಟೇ. ಹೂವು ಬೇಕಾ?"

ಎರಡು ಮೊಳ ಕೇಳಿದೆ. ಹಿಂದಿನ ಹಾಗೆಯೇ ಮೊಣಕೈ ಒಳಗೆ ಮಡಚಿಕೊಂಡು, ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಅಳೆದರು. ಎಲ್ಲರಿಗೂ ಅಳೆಯುವ ಹಾಗೆ ನನಗೂ ಅಳೆದರಲ್ಲ ಎಂದು ಇನ್ನೊಂದು ಬೆರಳು ಮಡಚಿದೆ.

ಮನೆಯೊಳಗೆ ಮಗ್ಗದ ಸದ್ದಿರಲಿಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು, ಬಾಟಲಿ ಮಡಿಲಲ್ಲಿತ್ತು. ಬಾಟಲಿಯ ಬಗ್ಗೆ ನಲ್ಲೂರಿನ ಅಣ್ಣ ಹೇಳಿದ್ದನ್ನು ನಾನು ಅವರಿಗೆ ಮೂರು ಸಲ ಹೇಳಿದ್ದೆ, ಮೂರು ಸಲವೂ ಮುಖ ತಿರುಗಿಸಿದ್ದರು.

"ಬಿಟ್ಟು ಬಂದ್ಯಾ?"

"ಹ್ಞೂಂ ಅತ್ತೆ."

"ಊಟಕ್ಕೆ ಏನಂತೆ ಅಲ್ಲಿ?"

"ಅವರವರೇ ಮಾಡ್ಕೊಳ್ತಾರೆ. ಇವತ್ತು ಇವರದು ಪಾತ್ರೆ."

ಅತ್ತೆ ಬಾಟಲಿಯನ್ನು ನನ್ನ ಕಡೆ ಚಾಚಿದರು. "ತಗೊಂಡೋಗಿ ಸುರಿ. ನಾನು ನೋಡಲ್ಲ. ಬರೋ ವರ್ಷ ನಿಮ್ಮಾವನಿಗೆ ಕಾಫಿ ಇಡು. ಬೈಕೊಂಡೇ ಕುಡೀಲಿ."

ಬಚ್ಚಲಿಗೆ ಸುರಿದು ಎರಡು ಕೊಡ ನೀರು ಹಾಕಿದೆ. ಗಾಜು ಗಟ್ಟಿಯಾಗಿದೆ, ತೊಳೆದಿಟ್ಟರೆ ದೀಪದೆಣ್ಣೆಗಾಗುತ್ತದಲ್ಲ ಎಂದು ಹಾಳು ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಬೇಡವೆಂದು ಕಸದವರಿಗೆ ಕೊಡುವ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ದೇವರ ಮನೆಗೆ ಹೋಗಿ ಹೂ ಏರಿಸಿದೆ. ತಾಯಿಯ ಮುಖವನ್ನು ನೆಟ್ಟಗೆ ನೋಡಲು ಇನ್ನೂ ಆಗಲಿಲ್ಲ, ಪಾದಕ್ಕೆ ಇಟ್ಟು ಬಂದೆ.

ಹೊತ್ತು ಇಳಿಯುತ್ತಿತ್ತು. ಅತ್ತೆಗೆ ಹಸಿವು ತಡೆಯುವುದಿಲ್ಲ. ರಾಗಿಹಿಟ್ಟಿನ ಡಬ್ಬ ತೆಗೆದು, ಮೂರು ಮುದ್ದೆಗೆ ಅಳೆದದ್ದರಲ್ಲಿ ಒಂದರಷ್ಟನ್ನು ಡಬ್ಬಕ್ಕೆ ವಾಪಸು ಹಾಕಿ, ಒಲೆಯ ಮೇಲೆ ಎಸರಿಟ್ಟೆ.